ಮಂಗಳವಾರದ ಚಿತ್ರಗಳು

ಪರ್ಕಳದ ಶೇಖರಣ್ಣನ ಚಾವಡಿಯಲ್ಲಿ ತಿಂಗಳಿಗೊಂದು ಆದಿತ್ಯವಾರ ಸಂಜೆ ಫೋಟೋ ಕೂಟ ಸೇರುತ್ತಿತ್ತು. ಉಡುಪಿಯವರು, ಮಣಿಪಾಲದವರು, ಕಾರ್ಕಳದಿಂದ ಬರುವವರು, ಎಲ್ಲರಿಗೂ ಪರ್ಕಳ ನಡುದಾರಿ. ತೆಗೆದ ಚಿತ್ರಗಳನ್ನು ಮೊದಲೇ ಭವ್ಯಶ್ರೀಗೆ ಕಳುಹಿಸಬೇಕು. ಕಾಲೇಜಿನಲ್ಲಿ ಪಾಠ ಮಾಡುವ ಆ ಹುಡುಗಿ ಹೆಸರುಗಳನ್ನೆಲ್ಲ ಅಳಿಸಿ ಒಂದೊಂದಾಗಿ ಟಿ.ವಿ.ಯ ಮೇಲೆ ತೋರಿಸುತ್ತಾಳೆ. ಸ್ವಲ್ಪ ಹೊತ್ತು ಯಾರೂ ಮಾತಾಡಬಾರದು. ಆಮೇಲೆ ತಾಳಮದ್ದಳೆಯ ಹಾಗೆ, ಒಬ್ಬರು ಚಿತ್ರದ ಪಕ್ಷ ವಹಿಸಬೇಕು, ಇನ್ನೊಬ್ಬರು ಎದುರು ನಿಲ್ಲಬೇಕು. ಎದುರು ನಿಂತವರು ಕುಂದನ್ನು ಹೇಳಿದರೆ ಅದನ್ನು ತಿದ್ದುವ ದಾರಿಯನ್ನೂ ಹೇಳಲೇಬೇಕು. ಮದ್ದು ಹೇಳದೆ ರೋಗ ಹೇಳಬಾರದು. ತೆಗೆದವರು ಬೇಕಾದರೆ ಕೊನೆಗೆ ಬಾಯಿ ಬಿಡಬಹುದು, ಬೇಡದಿದ್ದರೆ ಸುಮ್ಮನೆ ಚಾ ಕುಡಿದು ಮನೆಗೆ ಹೋಗಬಹುದು.

ಈ ಕಟ್ಟಳೆಗಳನ್ನೆಲ್ಲ ಮಾಡಿದವರು ಶೇಖರಣ್ಣನೇ. ಮಣಿಪಾಲದ ಪ್ರೆಸ್ಸಿನಲ್ಲಿ ಬಣ್ಣದ ಪುಟಗಳ ಪ್ರೂಫ್ ನೋಡುತ್ತಾ ತಲೆ ನರೆತವರು. ಕೆಂಪು ಒಂದು ಕೂದಲಿನಷ್ಟು ಆಚೆ ಸರಿದಿದ್ದರೂ ಅವರ ಕಣ್ಣು ಹಿಡಿಯುತ್ತಿತ್ತು. ಆದರೆ ನಾಲಗೆ ಮಾತ್ರ ಮೆತ್ತಗೆ. ಒಮ್ಮೆ ಮಲ್ಪೆಯಲ್ಲಿ ಮೀನು ಹರಾಜು ಹಾಕುವ ಏಲಂನ ಚಿತ್ರವೊಂದು ಬಂದಾಗ ಅವರು ಹೇಳಿದ್ದು ಹೀಗೆ: "ತೆಗೆದವರು ಊರನ್ನೆಲ್ಲ ಊಟಕ್ಕೆ ಕರೆದಿದ್ದಾರೆ. ಎಲೆ ಹಾಕಿದ್ದು ಮಾತ್ರ ಒಬ್ಬರಿಗೆ, ಆ ಬುಟ್ಟಿ ಎತ್ತುವ ಹೆಂಗಸಿಗೆ. ಅವಳ ಹತ್ತಿರ ಸ್ವಲ್ಪ ಹೋದರೆ ಉಳಿದವರು ತಾವಾಗಿ ಹಿಂದೆ ಸರಿದು ಕೂತ್ಕೊಳ್ತಾರೆ." ಮಲ್ಪೆಯಲ್ಲಿ ಐಸ್ ಪ್ಲಾಂಟ್ ನಡೆಸುವ ಉಜ್ವಲ್ ಆ ದಿನ ಮನೆಗೆ ಹೋಗುವಾಗ ಅವರ ಕಾಲು ಮುಟ್ಟಿ ಹೋಗಿದ್ದ. ಚಿತ್ರ ಅವನದ್ದೇ ಎಂದು ಹಾಗೆ ಗೊತ್ತಾಯಿತು.

ನವರಾತ್ರಿ ಕಳೆದ ಮೇಲಿನ ಕೂಟದಲ್ಲಿ, ನಾಲ್ಕೈದು ಚಿತ್ರಗಳಾದ ಮೇಲೆ, ಅದು ಬಂತು.

ಕಾಪುವಿನ ಕಡಲ ಬದಿ. ದೀಪಸ್ತಂಭ ಚಿತ್ರದಲ್ಲಿಲ್ಲ, ಅದರ ನೆರಳು ಮಾತ್ರ ಮರಳಿನ ಮೇಲೆ ಉದ್ದಕ್ಕೆ ಬಿದ್ದಿದೆ. ದೂರದಲ್ಲಿ ಒಬ್ಬ ಹೆಂಗಸು ನೀರಿನ ಕಡೆಗೆ ನಡೆದು ಹೋಗುತ್ತಿದ್ದಾಳೆ. ಬೆನ್ನು ಮಾತ್ರ ಕಾಣುತ್ತದೆ. ಒಂದು ಕೈಯಲ್ಲಿ ನೀಲಿ ಸೀರೆಯ ನೆರಿಗೆ ಎತ್ತಿ ಹಿಡಿದಿದ್ದಾಳೆ, ಇನ್ನೊಂದು ಕೈಯಲ್ಲಿ ಚಪ್ಪಲಿ. ಮುಡಿಯಲ್ಲಿ ಹೂ.

ನೀಲಿ ಸೀರೆ ಉಡುಪಿಯಲ್ಲಿ ಅರ್ಧ ಜನರ ಬಳಿ ಉಂಟು. ಹೂವೂ ಹಾಗೆಯೇ. ಆದರೆ ಆ ಚಪ್ಪಲಿ! ಎರಡೂ ಅಟ್ಟೆಗಳನ್ನು ಕೈಮುಗಿದ ಹಾಗೆ ಒಂದಕ್ಕೊಂದು ಒತ್ತಿ, ಎರಡೇ ಬೆರಳಿನಲ್ಲಿ, ಮೈಯಿಂದ ದೂರ ಹಿಡಿದಿದ್ದಾಳೆ. ಮದುವೆಯಾದ ವರ್ಷ ಮಲ್ಪೆಯ ತೀರದಲ್ಲಿ ಮೊದಲ ಬಾರಿ ನೋಡಿ "ಇದೆಂತ, ಚಪ್ಪಲಿಗೂ ನಮಸ್ಕಾರವಾ?" ಎಂದು ಶೇಖರಣ್ಣ ನಗಾಡಿದ್ದರು. ಈ ಲೋಕದಲ್ಲಿ ಹಾಗೆ ಚಪ್ಪಲಿ ಹಿಡಿಯುವ ಇನ್ನೊಂದು ಜೀವ ಅವರಿಗೆ ಗೊತ್ತಿರಲಿಲ್ಲ.

ಆ ಜೀವ ಅದೇ ಹೊತ್ತಿಗೆ ಚಾದ ತಟ್ಟೆ ಹಿಡಿದು ಒಳಬಾಗಿಲಲ್ಲಿ ನಿಂತಿತ್ತು. ಹೆಂಡತಿ ಸ್ವರ್ಣಲತಾ ಎಂದೂ ಚಾವಡಿಯಲ್ಲಿ ನಿಲ್ಲುವವಳಲ್ಲ. ಚಾ ಇಟ್ಟು, ಗೋಳಿಬಜೆ ಇಟ್ಟು ಒಳಗೆ ಹೋಗುವವಳು. ಈಗ ನಿಂತೇ ಇದ್ದಾಳೆ, ಟಿ.ವಿ. ನೋಡುತ್ತಿದ್ದಾಳೆ.

"ಸ್ವರ್ಣಕ್ಕ, ಚಾ ತಣಿತದೆ ಮಾರಾಯ್ರೆ," ಎಂದ ರೋನಿ.

ಅವಳು ಬೆಚ್ಚಿದಳು. ಲೋಟಗಳು ಗಲಗಲ ಎಂದವು. ಶೇಖರಣ್ಣ ಅದನ್ನೂ ನೋಡಿದರು.

ರೋನಿ ಕಾರ್ಕಳದ ಸ್ಟುಡಿಯೋದವನು. ಐವತ್ತು ದಾಟಿದ್ದರೂ ಶರಟಿನ ಬಣ್ಣ ಇಪ್ಪತ್ತರದ್ದು. ಇಗರ್ಜಿಯಲ್ಲಿ ಹಾಡುವ ಗಂಟಲು, ಎಲ್ಲಿದ್ದರೂ ಅಲ್ಲಿ ನಗು. ಅಂದು ಚಿತ್ರದ ಪಕ್ಷ ವಹಿಸುವ ಸರದಿ ಅವನದ್ದು. "ನೋಡಿ, ಈ ಹೆಂಗಸಿಗೆ ಯಾರ ಅವಸರವೂ ಇಲ್ಲ. ಅಡಿಗೆಯದ್ದಿಲ್ಲ, ಬಸ್ಸಿನದ್ದಿಲ್ಲ. ಇಂಥ ನಡಿಗೆ ನಾನು ಮದುವೆ ಹಾಲಿನಲ್ಲಿ ನೋಡ್ಲೇ ಇಲ್ಲ. ತೆಗೆದವರಿಗೆ ಅವಳ ಮೇಲೆ ಪ್ರೀತಿ ಉಂಟು, ಮೋಸ ಇಲ್ಲ," ಎಂದ.

ಎದುರು ನಿಲ್ಲುವ ಸರದಿ ಶೇಖರಣ್ಣನದ್ದು. ಎಂದಿನ ಮೆತ್ತಗಿನ ದನಿಯಲ್ಲೇ ಹೇಳಿದರು: "ತೆಗೆದವರು ಬಹಳ ದೂರ ನಿಂತಿದ್ದಾರೆ. ಹತ್ತಿರ ಹೋಗಲಿಕ್ಕೆ ಧೈರ್ಯ ಇಲ್ಲವೋ, ಹೋಗಬಾರದೆಂಬ ಕಾರಣ ಉಂಟೋ, ನನಗೆ ತಿಳಿಯುವುದಿಲ್ಲ. ಮುಂದಿನ ಸಲ ಹತ್ತಿರದಿಂದ ತೆಗೆಯಲಿ. ಆಗ ನಮಗೂ ಸರಿಯಾಗಿ ಕಾಣ್ತದೆ."

ಎಲ್ಲರೂ ತಲೆದೂಗಿದರು. ಒಳ್ಳೆಯ ಮಾತು. ಆ ಮಾತಿನೊಳಗೆ ಗಾಳದ ಕೊಕ್ಕೆ ಇದ್ದದ್ದು ಯಾರಿಗೂ ಕಾಣಲಿಲ್ಲ.

ಸ್ವರ್ಣಲತಾ ಮಂಗಳವಾರ ಕಾಪುವಿನ ಮಾರಿಗುಡಿಗೆ ಹೋಗುವುದು ಹೊಸತಲ್ಲ. ಮಗಳ ಮದುವೆ ನೆಟ್ಟಗಾದರೆ ಬರುತ್ತೇನೆಂದು ಹೇಳಿಕೊಂಡಿದ್ದಳು. ಮದುವೆಯಾಯಿತು, ಮಗಳು ಆಶ್ರಿತಾ ಹೆಬ್ರಿಯಲ್ಲಿ ಸುಖವಾಗಿದ್ದಾಳೆ, ತಾಯಿಗೆ ಗುಡಿಯ ಅಭ್ಯಾಸ ಬಿಟ್ಟುಹೋಗಲಿಲ್ಲ. ಸ್ಕೂಟರ್ ಕಲಿತ ಮೇಲಂತೂ ಯಾರನ್ನೂ ಕಾಯಬೇಕಾಗಿಲ್ಲ. ಮಧ್ಯಾಹ್ನ ಹೋಗಿ ದೀಪ ಹಚ್ಚುವ ಹೊತ್ತಿಗೆ ಬರುತ್ತಾಳೆ. ಮುಡಿಯಲ್ಲಿ ಪ್ರಸಾದದ ಹೂ ಇರುತ್ತದೆ. ಚಿತ್ರದಲ್ಲಿದ್ದದ್ದು ಅದೇ ಹೂ. ಅಂದರೆ ಚಿತ್ರ ಮಂಗಳವಾರದ್ದು.

ಇಷ್ಟನ್ನು ಲೆಕ್ಕ ಹಾಕಿದ ಮೇಲೆ ಶೇಖರಣ್ಣನಿಗೆ ಇನ್ನೊಂದು ಹೊಳೆಯಿತು. ಮಂಗಳವಾರ ನಮ್ಮಲ್ಲಿ ಮದುವೆಗಳಿಲ್ಲ. ಮದುವೆ ಇಲ್ಲದ ದಿನ ಸ್ಟುಡಿಯೋದವನಿಗೆ ಬಿಡುವು.

ಕೇಳಬಹುದಿತ್ತು. ಒಂದೇ ಮನೆ, ಒಂದೇ ಒಲೆ, ಎದುರುಬದುರು ಎರಡು ಮಣೆ. 'ಕಾಪುವಿನಲ್ಲಿ ನಿನ್ನ ಚಿತ್ರ ತೆಗೆದವರು ಯಾರು?' ಇಷ್ಟೇ ಪ್ರಶ್ನೆ. ಆದರೆ ಕೇಳಿದರೆ ಉತ್ತರ ಬರುತ್ತದೆ. ಬಂದ ಉತ್ತರವನ್ನು ಎಲ್ಲಿ ಇಡುವುದು? ಮೂವತ್ತು ವರ್ಷದ ಸಂಸಾರದಲ್ಲಿ ಅಂಥದ್ದಕ್ಕೆ ಒಂದು ಮೂಲೆಯನ್ನು ಅವರು ಕಟ್ಟಿಸಿರಲಿಲ್ಲ. ಅದಕ್ಕೇ ಸುಮ್ಮನಿದ್ದರು. ಸುಮ್ಮನಿದ್ದದ್ದು ಬಾಯಿ ಮಾತ್ರ.

ಅವರ ಅಜ್ಜಿ ಹೇಳುತ್ತಿದ್ದ ಕತೆಯೊಂದುಂಟು. ಒಬ್ಬ ಬೇಸಾಯಗಾರ ಮುಸ್ಸಂಜೆ ಗದ್ದೆಯ ಬದುವಿನಲ್ಲಿ ಬರುತ್ತಿದ್ದನಂತೆ. ಹಿಂದೆ ಸರ ಸರ ಸಪ್ಪಳ. ಇವನು ನಿಂತರೆ ಅದೂ ನಿಲ್ಲುತ್ತದೆ, ಇವನು ನಡೆದರೆ ಅದೂ ನಡೆಯುತ್ತದೆ. ಓಡಿದ, ಅದೂ ಓಡಿತು. ಮನೆಯ ಅಂಗಳಕ್ಕೆ ಬಂದು ಬಿದ್ದವನನ್ನು ಹೆಂಡತಿ ಎತ್ತಿ ನೋಡಿದರೆ, ತಲೆಗೆ ಸುತ್ತಿದ ಮುಂಡಾಸು ಬಿಚ್ಚಿಹೋಗಿ ತುದಿ ಒಣಹುಲ್ಲಿನ ಮೇಲೆ ಎಳೆಯುತ್ತಿತ್ತಂತೆ. ಈ ಕತೆಯನ್ನು ಶೇಖರಣ್ಣನೇ ಎಷ್ಟೋ ಜನರಿಗೆ ಹೇಳಿ ನಗಿಸಿದ್ದಾರೆ. ಆದರೆ ಕತೆ ಕೇಳುವವನಿಗೆ ಮುಂಡಾಸು ಕಾಣುತ್ತದೆ, ಬದುವಿನ ಮೇಲೆ ಓಡುವವನಿಗೆ ಕಾಣುವುದಿಲ್ಲ.

ಏಕಾದಶಿಯ ದಿನ ಕೃಷ್ಣಮಠಕ್ಕೆ ಹೋದರು. ಹೆಬ್ಬಾಗಿಲು ಬಿಟ್ಟು ಕಿಂಡಿಯಲ್ಲೇ ನೋಡಬೇಕಾದ ದೇವರು. ಸಣ್ಣ ಕಿಂಡಿಗಳ ಆಚೆ, ದೀಪದ ಬೆಳಕಿನಲ್ಲಿ, ಬಾಲಕನ ಮುಖ ಹೊಳೆಯುತ್ತಿತ್ತು. ಯಾವಾಗಲೂ ಅಲ್ಲಿ ನಿಂತಾಗ ಅವರ ಮನಸ್ಸು ಕೆರೆಯ ನೀರಿನ ಹಾಗೆ ತಿಳಿಯಾಗುವುದು. ಅಂದು ಆಗಲಿಲ್ಲ. ಕಣ್ಣು ಕಿಂಡಿಯಲ್ಲಿತ್ತು, ಮನಸ್ಸು ಮಾತ್ರ, 'ಇವಳನ್ನೂ ಯಾರೋ ಹೀಗೆ ಕಿಂಡಿಯಲ್ಲಿ ನೋಡುತ್ತಿದ್ದಾನೆ' ಎನ್ನುತ್ತಿತ್ತು. ಹಿಂದೆ ಸಾಲಿನಲ್ಲಿದ್ದವರು, "ಸ್ವಾಮಿ, ಮುಂದೆ ಹೋಗಿ," ಎಂದಾಗಲೇ ಎಚ್ಚರ. ಕಣ್ಣ ಮುಂದಿದ್ದ ದೇವರನ್ನು ನೋಡದೆ ಬಂದಿದ್ದರು.

ಮುಂದಿನ ಕೂಟದಲ್ಲಿ ಎರಡನೆಯ ಚಿತ್ರ ಬಂತು. ಕಾರ್ಕಳದ ಆನೆಕೆರೆ. ಮೆಟ್ಟಿಲಿನ ಮೇಲೆ ಅದೇ ಹೆಂಗಸು, ಮತ್ತೆ ಬೆನ್ನು ಹಾಕಿ ಕುಳಿತಿದ್ದಾಳೆ. ಆದರೆ ಈ ಸಲ ಹತ್ತಿರ. ಕುತ್ತಿಗೆಯ ಬಳಿ ಬೆವರಿಗೆ ಅಂಟಿದ ಕೂದಲಿನ ಎಳೆ ಕೂಡ ಕಾಣುತ್ತದೆ. 'ಹತ್ತಿರದಿಂದ ತೆಗೆಯಲಿ' ಎಂದು ಹೇಳಿದ್ದಕ್ಕೆ ತೆಗೆದವನು ಹತ್ತಿರ ಹೋಗಿದ್ದಾನೆ! ತನ್ನ ಮಾತನ್ನೇ ಮೆಟ್ಟಿಲು ಮಾಡಿಕೊಂಡು ಒಬ್ಬ ತನ್ನ ಹೆಂಡತಿಯ ಕಡೆಗೆ ಏರುತ್ತಿದ್ದಾನೆ.

ಸ್ವರ್ಣಲತಾಳ ಅಕ್ಕ ಕಮಲಾಳ ಮನೆ ಕಾರ್ಕಳದಲ್ಲಿ. ಹಿಂದಿನ ವಾರ ಅಕ್ಕನಿಗೆ ಸೌಖ್ಯವಿಲ್ಲವೆಂದು ಹೋಗಿ ಬಂದಿದ್ದಳು. ರೋನಿಯ ಸ್ಟುಡಿಯೋ ಕೂಡ ಕಾರ್ಕಳದಲ್ಲೇ.

ಶೇಖರಣ್ಣ ಪ್ರೂಫ್ ನೋಡುವ ಕಣ್ಣಿನಿಂದ ಚಿತ್ರವನ್ನು ಜಾಲಾಡಿದರು. ಕ್ಯಾಮರಾ ನಿಂತವರ ಕಣ್ಣಿನ ಎತ್ತರದಲ್ಲಿಲ್ಲ, ಸೊಂಟದ ಎತ್ತರದಲ್ಲಿ ಉಂಟು. ಕಾಪುವಿನ ಚಿತ್ರದಲ್ಲೂ ಹಾಗೆಯೇ ಇತ್ತು. ಅಂದರೆ ಕುಳಿತು ತೆಗೆದದ್ದು. ಅವಸರವಿಲ್ಲದೆ, ಆರಾಮಾಗಿ, ಬಹಳ ಹೊತ್ತಿನಿಂದ ಅಲ್ಲೇ ಕುಳಿತವನು. ಮತ್ತೆ, ನೀರಿನ ಗೆರೆ ಎಡಕ್ಕೆ ಒಂದಿಷ್ಟು ಜಾರಿದೆ. ಎಡಗೈಯವರು ತೆಗೆದರೆ ಹಾಗಾಗುತ್ತದೆ. ಅವರ ಎದುರಿಗೆ ರೋನಿ ಎಡಗೈಯಲ್ಲಿ ಗೋಳಿಬಜೆ ತೆಗೆದು ಚಟ್ನಿಗೆ ಅದ್ದುತ್ತಿದ್ದ.

"ಈ ಸಲ ಎದುರು ಯಾರು?" ಎಂದಳು ಭವ್ಯಶ್ರೀ.

ಸರದಿ ಉಜ್ವಲನದ್ದಾಗಿತ್ತು. "ನಾನು ಹೇಳ್ತೇನೆ," ಎಂದರು ಶೇಖರಣ್ಣ. "ಹತ್ತಿರ ಬಂದದ್ದು ಒಳ್ಳೆದಾಯಿತು. ಆದರೆ ಬೆನ್ನು ಎಷ್ಟು ದಿವಸ? ಬೆನ್ನನ್ನು ಯಾರದ್ದೂ ತೆಗೀಬಹುದು, ಕೇಳದೆಯೂ ತೆಗೀಬಹುದು. ಮುಖ ಬೇಕು. ತೆಗೆಯುವವರನ್ನು ಆಕೆ ನೋಡ್ಬೇಕು. ಆಗ ಅವರಿಬ್ಬರ ನಡುವೆ ಎಂತ ಉಂಟು ಅಂತ ನಮಗೆ ಗೊತ್ತಾಗ್ತದೆ."

"ಆಹಾ! ಶೇಖರಣ್ಣ, ನೀವು ಪ್ರೆಸ್ಸಿನಲ್ಲಿ ಅಲ್ಲ, ಪೊಲೀಸಿನಲ್ಲಿ ಇರ್ಬೇಕಿತ್ತು," ಎಂದು ರೋನಿ ನಕ್ಕ. ಎಲ್ಲರೂ ನಕ್ಕರು. ಒಳಬಾಗಿಲಲ್ಲಿ ನಿಂತವಳು ನಗಲಿಲ್ಲ.

ಆ ದಿನ ಎಲ್ಲರೂ ಹೋದ ಮೇಲೆ ಲೋಟ ಒಟ್ಟು ಮಾಡುತ್ತಾ ಅವಳು ಕೇಳಿದಳು, "ಮುಖ ಯಾಕೆ ಬೇಕು? ಬೆನ್ನು ಸಾಕಾಗುದಿಲ್ವಾ?"

"ಎಂತಕ್ಕೆ ಕೇಳ್ತಿ?"

"ಸುಮ್ಮನೆ. ಪಾಪ, ಆ ಹೆಂಗಸಿಗೆ ನಾಚಿಕೆ ಇರ್ಬಹುದು."

"ಮುಖ ಇಲ್ಲದಿದ್ರೆ ಯಾರು ಅಂತ ಗೊತ್ತಾಗುದು ಹೇಗೆ?"

"ಗೊತ್ತಾಗ್ಲೇ ಬೇಕಾ?" ಎಂದು ಅವಳು ಅವರ ಮುಖವನ್ನೇ ನೋಡಿದಳು. ಏನೋ ಹೇಳಲು ಹೊರಟವಳ ಹಾಗೆ ಕಂಡಿತು. ಶೇಖರಣ್ಣ ಪೇಪರ್ ಬಿಡಿಸಿದರು. ಅವಳು ಲೋಟ ಎತ್ತಿಕೊಂಡು ಒಳಗೆ ಹೋದಳು.

ಮುಂದಿನ ಮಂಗಳವಾರ ಸ್ಕೂಟರ್ ಗೇಟು ದಾಟಿದ ಮೇಲೆ ಶೇಖರಣ್ಣ ಜಪಕ್ಕೆ ಕುಳಿತರು. ಮಣಿಗಳು ಸರಿಯುತ್ತಿದ್ದವು, ನಾಮ ಸರಿಯಲಿಲ್ಲ. ಕೊನೆಗೆ ಮಾಲೆಯನ್ನು ಚೀಲಕ್ಕೆ ಹಾಕಿ ರೋನಿಗೆ ಫೋನು ಮಾಡಿದರು.

"ಎಲ್ಲಿದ್ದಿ ಮಾರಾಯ?"

ಆಚೆ ಗಾಳಿಯ ಬೀಸು. ಕಡಲಿನ ಮೊರೆತ. "ಹಲೋ, ಶೇಖರಣ್ಣನಾ? ಕಡಲ ಬದಿಯಲ್ಲಿದ್ದೇನೆ, ಕೇಳುದಿಲ್ಲ... ಮತ್ತೆ ಮಾಡ್ತೇನೆ, ಆಯ್ತಾ?" ಕಟ್ಟಾಯಿತು.

ಸಾಕು, ಇನ್ನೇನು ಬೇಕು? ದೀಪ ಹಚ್ಚುವ ಹೊತ್ತಿಗೆ ಸ್ವರ್ಣಲತಾ ಬಂದಳು. ಸೀರೆಯ ಅಂಚಿನಲ್ಲಿ ಮರಳಿತ್ತು. ಅವಳು ಕೊಟ್ಟ ಪ್ರಸಾದವನ್ನು ಅವರು ಕಣ್ಣಿಗೊತ್ತಿಕೊಂಡರು. ದೇವಿಯದ್ದಲ್ಲವೇ, ಬೇಡವೆನ್ನಲಾಗದು. ಆದರೆ ಆ ರಾತ್ರಿ ಊಟಕ್ಕೆ ಕುಳಿತಾಗ, ತಾಯೇ, ಇವಳ ಕೈಯಲ್ಲಿ ಕಳುಹಿಸಿದ್ದು ಪ್ರಸಾದವೋ ಸುಳ್ಳೋ, ಎಂದು ಮನಸ್ಸು ಕೇಳಿತು. ಕೇಳಿದ್ದಕ್ಕೆ ತಾನೇ ಹೆದರಿ ಕೈತೊಳೆದು ಎದ್ದರು.

ಜನವರಿಯ ಕೂಟಕ್ಕೆ ಎಲ್ಲರೂ ಬಂದಿದ್ದರು. ಮೂರನೆಯ ಚಿತ್ರ ಕೊನೆಯಲ್ಲಿ ಬಂತು.

ಅಡಿಗೆಮನೆಯ ಹಿಂಬಾಗಿಲು. ಹೊರಗಿನ ಬೆಳಕು ಓರೆಯಾಗಿ ಒಳಗೆ ಬೀಳುತ್ತಿದೆ. ಹೊಸ್ತಿಲ ಮೇಲೆ ಸ್ವರ್ಣಲತಾ. ಹೌದು, ಮುಖ. ನೇರ ಎದುರು ನೋಡುತ್ತಿದ್ದಾಳೆ. ತುಟಿ ಸ್ವಲ್ಪ ತೆರೆದಿದೆ, ಕಣ್ಣು ಅರಳಿದೆ. ಏನನ್ನೋ ಕಾಯುತ್ತಿರುವ, ಈಗ ಬರುತ್ತದೆ, ಇಗೋ ಬಂತು ಎನ್ನುವ ಸಣ್ಣ ಹುಡುಗಿಯ ಮುಖ. ಹಿಂದೆ ಗೋಡೆಯಲ್ಲಿ ಮೈ ಒರೆಸುವ ತನ್ನದೇ ಬೈರಾಸು ನೇತಾಡುತ್ತಿರುವುದನ್ನು ಶೇಖರಣ್ಣ ಕಂಡರು. ಮನೆಯೊಳಗೇ ಬಂದಿದ್ದಾನೆ. ತಾನು ಮಠಕ್ಕೆ ಹೋದ ಹೊತ್ತು ನೋಡಿ.

ಸುಮ್ಮನೆ ನೋಡಬೇಕೆಂಬ ಕಟ್ಟಳೆಯನ್ನು ಯಾರೂ ಪಾಲಿಸಲಿಲ್ಲ. "ಅಯ್ಯೋ, ನಮ್ಮ ಸ್ವರ್ಣಕ್ಕ!" ಎಂದು ಚಾವಡಿಗೆ ಚಾವಡಿಯೇ ಕೂಗಿತು.

"ಶೇಖರಣ್ಣ, ಟೋಪಿ ಹಾಕಿದಿರಲ್ಲ ನಮಗೆ!" ಎಂದ ಉಜ್ವಲ್. "ನೀವೇ ತೆಗ್ದು, ನೀವೇ ಎದುರು ನಿಂತು, ನೀವೇ ಬುದ್ಧಿ ಹೇಳುದಾ?"

"ಮತ್ತೆ ಬೇರೆ ಯಾರು ತೆಗೆಯುದು?" ಎಂದು ರೋನಿ ಎದ್ದೇ ನಿಂತ. "ಆ ನೋಟ ನೋಡಿ. ಇಷ್ಟು ವರ್ಷ ಗಂಡು ಹೆಣ್ಣು ಜೋಡಿ ನಿಲ್ಲಿಸಿ, ಹೀಗೆ ನೋಡಿ, ಹಾಗೆ ನೋಡಿ ಅಂತ ಬೊಬ್ಬೆ ಹಾಕ್ತೇನೆ, ಒಬ್ಬಳೂ ಹೀಗೆ ನೋಡ್ಲಿಲ್ಲ. ಗಂಡ ಅಲ್ಲದವನನ್ನು ಹೆಂಗಸು ಹೀಗೆ ನೋಡುದುಂಟಾ?"

"ನಾನು ತೆಗೆದದ್ದಲ್ಲ," ಎಂದರು ಶೇಖರಣ್ಣ.

ನಗು ಇನ್ನೂ ಮುಗಿದಿರಲಿಲ್ಲ. "ಬಿಡಿ ಶೇಖರಣ್ಣ, ಇನ್ನು ನಾಟಕ ಸಾಕು..."

"ನಾನು ತೆಗೆದದ್ದಲ್ಲ ಅಂತ ಹೇಳಿದೆ." ಆ ದನಿಯನ್ನು ಆ ಚಾವಡಿ ಎಂದೂ ಕೇಳಿರಲಿಲ್ಲ. "ಇದು ಕಳ್ಳನ ಚಿತ್ರ. ಕುಳಿತು ತೆಗೆಯುವ ಕಳ್ಳ. ಎಡಗೈಯ ಕಳ್ಳ. ನೀನು ಮಂಗಳವಾರ ಎಲ್ಲಿರ್ತಿ, ರೋನಿ?"

ರೋನಿಯ ಮುಖದ ಮೇಲೆ ನಗು ಹಾಗೆಯೇ ಉಳಿದಿತ್ತು, ಇಳಿಸಿಕೊಳ್ಳಲು ಅವನಿಗೆ ಗೊತ್ತಾಗದ ಹಾಗೆ. ಭವ್ಯಶ್ರೀ, "ಸರ್..." ಎಂದು ಏಳಲು ಹೋಗಿ ಕುಳಿತಳು.

"ನಾನೀಗ ಮಾತಾಡ್ಬಹುದಾ?"

ಸ್ವರ್ಣಲತಾ ಒಳಬಾಗಿಲು ದಾಟಿ ಚಾವಡಿಗೆ ಬಂದಿದ್ದಳು. ಕೈಯಲ್ಲಿ ಚಾದ ತಟ್ಟೆ ಇರಲಿಲ್ಲ.

"ತೆಗೆದವರು ಕೊನೆಗೆ ಮಾತಾಡ್ಬಹುದಲ್ವಾ ಇಲ್ಲಿ? ಮೂರೂ ನಾನೇ ತೆಗೆದದ್ದು. ನನ್ನ ಮೊಬೈಲಿನಲ್ಲಿ."

ಎಲ್ಲರೂ ಅವಳ ಕಡೆಗೆ ತಿರುಗಿದರು.

"ಸ್ಕೂಟರಿನ ಸೀಟಿನ ಮೇಲೆ ಹೆಲ್ಮೆಟ್ ಇಟ್ಟು, ಅದಕ್ಕೆ ಮೊಬೈಲ್ ಒರಗಿಸಿ ಇಡುದು. ಸ್ಟ್ಯಾಂಡ್ ಹಾಕಿದ್ರೆ ಸ್ಕೂಟರ್ ಎಡಕ್ಕೆ ವಾಲ್ತದೆ, ಅದಕ್ಕೆ ಎಲ್ಲ ಓರೆ ಬರುದು. ಒತ್ತಿದ ಮೇಲೆ ಸ್ವಲ್ಪ ಹೊತ್ತು ಲೈಟು ಮಿಣ ಮಿಣ ಮಾಡ್ತದೆ, ಅಷ್ಟರಲ್ಲಿ ಓಡಿ ಹೋಗಿ ನಿಲ್ಲಬೇಕು. ತಿರುಗಿ ನಿಲ್ಲಲಿಕ್ಕೆ ಪುರುಸೊತ್ತು ಸಿಗ್ತಿರ್ಲಿಲ್ಲ, ಅದಕ್ಕೆ ಬೆನ್ನು. ಇದು ಮನೆಯಲ್ಲಿ, ಅಕ್ಕಿ ಡಬ್ಬದ ಮೇಲೆ ಇಟ್ಟು ತೆಗೆದದ್ದು." ಅವಳು ಟಿ.ವಿ.ಯ ಕಡೆ ತಿರುಗಲಿಲ್ಲ. "ನೋಟ ಅಂದ್ರಲ್ಲ ರೋನಿ, ಅದು ಲೈಟು ಯಾವಾಗ ನಿಲ್ತದೆ ಅಂತ ಕಾಯ್ತಾ ಇದ್ದದ್ದು. ಅಷ್ಟೇ."

"ನನಗೆ ಗೊತ್ತಿತ್ತು ಸರ್," ಎಂದಳು ಭವ್ಯಶ್ರೀ, ನೆಲ ನೋಡುತ್ತಾ. "ಹೆಸರು ಹೇಳ್ಬಾರದು ಅಂತ ನೀವೇ..."

ರೋನಿ ಕುರ್ಚಿಯ ಮೇಲಿದ್ದ ಚೀಲ ಎತ್ತಿಕೊಂಡ. "ಮಂಗಳವಾರ ನಾನು ಮಲ್ಪೆಯಲ್ಲಿರ್ತೇನೆ ಶೇಖರಣ್ಣ. ಉಜ್ವಲನ ಹತ್ರ ಕೇಳಿ. ವಾರಕ್ಕಾಗುವ ಮೀನು ತೆಗೊಂಡು ಹೋಗುದು," ಎಂದು, ಚಪ್ಪಲಿ ಮೆಟ್ಟಿ, ಹಿಂದೆ ನೋಡದೆ ಹೋದ. ಉಳಿದವರೂ ಒಬ್ಬೊಬ್ಬರಾಗಿ ಎದ್ದರು. ಟಿ.ವಿ.ಯನ್ನು ಆರಿಸಲು ಯಾರಿಗೂ ನೆನಪಾಗಲಿಲ್ಲ. ಅದರಲ್ಲಿ ಸ್ವರ್ಣಲತಾ ಇನ್ನೂ ಕಾಯುತ್ತಲೇ ಇದ್ದಳು.

ಶೇಖರಣ್ಣ ಕುಳಿತಲ್ಲೇ ಇದ್ದರು. ಸೊಂಟದ ಎತ್ತರ, ಎಡಕ್ಕೆ ಜಾರಿದ ಗೆರೆ, ಓಡಿ ಬಂದ ಬೆವರು. ಎಲ್ಲವನ್ನೂ ಸರಿಯಾಗಿಯೇ ಕಂಡಿದ್ದರು. ಕಂಡದ್ದರಲ್ಲಿ ಒಂದೂ ತಪ್ಪಲ್ಲ. ಅದನ್ನೆಲ್ಲ ಕೂಡಿಸಿ ಒಬ್ಬ ಗಂಡಸನ್ನು ಮಾಡಿದ್ದು ಮಾತ್ರ ತಾವೇ.

"ನನಗೆ ಹೇಳಬಹುದಿತ್ತಲ್ಲ," ಎಂದರು ಕೊನೆಗೆ.

"ನಿಮ್ಮ ಹತ್ರ ಹೇಳಿದ್ರೆ ನೀವು ಗಂಡನಾಗಿ ನೋಡ್ತೀರಿ. 'ಹ್ಞೂಂ, ಚಂದ ಉಂಟು,' ಅಂತ ಹೇಳಿ ಪೇಪರ್ ಬಿಡಿಸ್ತೀರಿ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಅದಕ್ಕೇ ಅವರಿಗೆ ಹೆದರಿಕೆಯಾಯಿತು. "ಯಾರ್ಯಾರದ್ದೋ ಚಿತ್ರಕ್ಕೆ ನೀವು ಎಷ್ಟು ತಾಳ್ಮೆಯಲ್ಲಿ ಹೇಳ್ತೀರಿ ಅಂತ ಒಳಗೆ ನಿಂತು ಕೇಳ್ತಿದ್ದೆ. ಆ ದನಿ ನನಗೂ ಬೇಕಿತ್ತು. ಹತ್ತಿರ ಬನ್ನಿ ಅಂದ್ರಿ, ಬಂದೆ. ಮುಖ ತೋರಿಸಿ ಅಂದ್ರಿ. ನನಗೆ ಮುಖ ತೋರಿಸ್ಲಿಕ್ಕೆ ಎಷ್ಟು ನಾಚಿಕೆ ಅಂತ ಗೊತ್ತುಂಟಾ? ಆದ್ರೂ ತೋರಿಸಿದೆ. ನೀವು ಹೇಳಿದ್ರಲ್ಲ ಅಂತ."

ಅವರು ತಲೆ ತಗ್ಗಿಸಿದರು.

"ಆ ಕಡಲ ಬದಿಯಲ್ಲಿ ನಾನೊಬ್ಬಳೇ ಇದ್ದೆ. ನೀವು ನನ್ನ ಒಟ್ಟಿಗೆ ಒಬ್ಬನನ್ನು ಕೂರಿಸಿದ್ರಿ. ಇನ್ನು ಅಲ್ಲಿಗೆ ಹೋದ್ರೆ ನನಗೂ ಅವನು ಅಲ್ಲೇ ಕೂತ ಹಾಗೆ ಆಗ್ತದೆ." ಅವಳು ರಿಮೋಟ್ ಹುಡುಕಿ ಟಿ.ವಿ. ಆರಿಸಿದಳು. "ರೋನಿಯ ಹತ್ರ ನಾಳೆ ಹೋಗಿ. ಪಾಪ, ಚಾ ಕೂಡ ಕುಡೀಲಿಲ್ಲ."

ಮರುದಿನ ಬೆಳಿಗ್ಗೆ ಹಿರಿಯಡ್ಕ ದಾಟಿ ಕಾರ್ಕಳಕ್ಕೆ ಹೋಗುವ ಬಸ್ಸಿನಲ್ಲಿ ಶೇಖರಣ್ಣ ಕಿಟಕಿಯ ಹತ್ತಿರ ಕುಳಿತರು. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿದ ಮಾತುಗಳು ಸ್ಟುಡಿಯೋದ ಬಾಗಿಲಲ್ಲೇ ಚೆದರಿಹೋದವು. ರೋನಿ ಒಬ್ಬ ಮುದುಕನ ಪಾಸ್‌ಪೋರ್ಟ್ ಫೋಟೋ ತೆಗೆಯುತ್ತಿದ್ದ. "ಗಲ್ಲ ಸ್ವಲ್ಪ ಮೇಲೆ, ಅಜ್ಜ. ಹೆದರ್ಬೇಡಿ, ಸೌದಿಯವರು ತಿನ್ನುದಿಲ್ಲ." ಶೇಖರಣ್ಣನನ್ನು ಕಂಡೂ ಕಾಣದವನ ಹಾಗೆ ಕೆಲಸ ಮುಗಿಸಿದ. ಮುದುಕ ಹೋದ ಮೇಲೆ ಸ್ಟೂಲನ್ನು ಕಾಲಿನಿಂದ ಮುಂದೆ ತಳ್ಳಿದ.

"ಕೂತ್ಕೊಳ್ಳಿ."

"ತಪ್ಪಾಯಿತು ರೋನಿ."

"ನನ್ನ ಹೆಂಡ್ತಿಗೆ ಹೇಳಿದೆ. ಹೊಟ್ಟೆ ಹಿಡ್ಕೊಂಡು ನಗಾಡಿದಳು. ನಿಮ್ಮ ಮೇಲೆ ಸಂಶಯ ಪಡುವವರು ಈ ಭೂಮಿ ಮೇಲೆ ಇದ್ದಾರಲ್ಲ, ಅವರಿಗೆ ಒಂದು ಕೋಳಿ ಕೊಟ್ಟು ಬನ್ನಿ ಅಂದಳು." ಅವನು ನಗಲು ನೋಡಿದ, ಆಗಲಿಲ್ಲ. ಲೆನ್ಸನ್ನು ಒರೆಸತೊಡಗಿದ. "ನನ್ನದು ಹೋಗ್ಲಿ ಶೇಖರಣ್ಣ, ನಾನು ಮರೀತೇನೆ. ಸ್ವರ್ಣಕ್ಕನ ಚಿತ್ರ ನಾವೆಲ್ಲ ನೋಡಿ ಮರೆತವರು. ಅದನ್ನು ನಿದ್ದೆ ಬಿಟ್ಟು ನೋಡಿದವರು ನೀವೊಬ್ಬರೇ. ಅಷ್ಟು ನೋಡಿಯೂ ಚಿತ್ರ ಹೇಗುಂಟು ಅಂತ ನೀವಿನ್ನೂ ಹೇಳ್ಲಿಲ್ಲ ಅಲ್ವಾ?"

ರೋನಿ ಎದ್ದು ಹೊರಗೆ ಇಣುಕಿ ಎದುರಿನ ಹೋಟೆಲಿಗೆ ಎರಡು ಚಾ ಹೇಳಿದ. ಒಟ್ಟಿಗೆ ಕುಡಿದರು. ಆದರೆ ಮುಂದಿನ ಕೂಟಕ್ಕೆ ಬರುತ್ತೇನೆಂದು ಅವನು ಹೇಳಲಿಲ್ಲ, ಬರುತ್ತೀಯಾ ಎಂದು ಕೇಳುವ ಧೈರ್ಯ ಇವರಿಗೂ ಬರಲಿಲ್ಲ.

ಅದರ ಮರುದಿನ ಮಂಗಳವಾರ. ಊಟ ಮುಗಿದ ಮೇಲೆ ಸ್ವರ್ಣಲತಾ ನೀಲಿ ಸೀರೆಯುಟ್ಟು ಹೊರಟಳು. ಎಲ್ಲಿಗೆಂದು ಹೇಳಲಿಲ್ಲ. ಯಾವಾಗಲೂ ಹೇಳುತ್ತಿದ್ದವಳು. 'ಮಾರಿಗುಡಿಗೆ ಹೋಗಿ ಬರ್ತೇನೆ' ಎಂಬ ಮಾತು ಇಲ್ಲದೆ ಸ್ಕೂಟರ್ ಗೇಟು ದಾಟಿದ್ದು ಅದೇ ಮೊದಲು.

ಶೇಖರಣ್ಣ ಜಗಲಿಯಲ್ಲಿ ಕುಳಿತರು. ಬಿಸಿಲು ಅಂಗಳದಿಂದ ತುಳಸಿಕಟ್ಟೆಗೆ, ತುಳಸಿಕಟ್ಟೆಯಿಂದ ಗೋಡೆಗೆ ಏರಿತು. ಫೋನು ಪಕ್ಕದಲ್ಲೇ ಇತ್ತು. ಒಮ್ಮೆ ಕೈಗೆ ತೆಗೆದುಕೊಂಡರು. ಅವಳು ಗುಡಿಯಲ್ಲಿರಬಹುದು. ಅಕ್ಕನ ಮನೆಯಲ್ಲಿರಬಹುದು. ಇನ್ನು ಈ ಮನೆಗೆ ಬರುವುದೇ ಬೇಡವೆಂದು ಮಗಳ ಊರು ಹೆಬ್ರಿಯ ಬಸ್ಸು ಕಾಯುತ್ತಲೂ ಇರಬಹುದು, ಸ್ಕೂಟರನ್ನು ಎಲ್ಲೋ ನಿಲ್ಲಿಸಿ. ಸಂಶಯದ ಹಳೆಯ ಹುಳ ಮತ್ತೆ ತಲೆಯೆತ್ತಿತು. ಹೊಸ ವೇಷ, ಅದೇ ಹಲ್ಲು. ಅವರು ಅದನ್ನು ನೋಡಿದರು. ಓಡಿಸಲು ಹೋಗಲಿಲ್ಲ, ಕರೆದು ಕೂರಿಸಲೂ ಇಲ್ಲ. ತಾಯೇ, ಅವಳು ಎಲ್ಲಿದ್ದರೂ ಅವಳ ಹಿಂದೆ ಯಾರನ್ನೂ ನಾನು ನಿಲ್ಲಿಸದ ಹಾಗೆ ನೋಡಿಕೋ, ಎಂದರು. ಬಹಳ ದಿನಗಳ ಮೇಲೆ ಪ್ರಾರ್ಥನೆಯೊಂದು ನೇರ ಹೋದ ಹಾಗಾಯಿತು. ಫೋನನ್ನು ಕೆಳಗಿಟ್ಟರು.

ದೀಪ ಹಚ್ಚುವ ಹೊತ್ತು ಕಳೆಯಿತು. ಅವರೇ ಎದ್ದು ಹಚ್ಚಿದರು. ಕತ್ತಲಾಗುತ್ತಾ ಬಂದ ಮೇಲೆ ಸ್ಕೂಟರಿನ ಸದ್ದಾಯಿತು.

ಅವಳು ಹೆಲ್ಮೆಟ್ ತೆಗೆದು, ಪ್ರಸಾದದ ಪೊಟ್ಟಣವನ್ನು ಅವರ ಕೈಗೆ ಕೊಟ್ಟಳು. ಕೂದಲೆಲ್ಲ ಕೆದರಿತ್ತು.

"ಗಾಳಿ ಮಾರಾಯ್ರೆ, ಮೊಬೈಲ್ ಎರಡು ಸಲ ಬಿತ್ತು," ಎಂದಳು. "ಆದ್ರೂ ಒಂದು ಬಂತು."

"ತೋರಿಸ್ತೀಯಾ?"

ಅವಳು ಅವರನ್ನು ನೋಡಿದಳು.

"ಈಗ ಬೇಡ."

"ಸರಿ," ಎಂದರು ಶೇಖರಣ್ಣ.

"ಯಾವಾಗ ಅಂತ ಕೇಳುದಿಲ್ವಾ?"

"ಇಲ್ಲ."

ಅವಳು ಇನ್ನೊಂದು ಕ್ಷಣ ಅಲ್ಲೇ ನಿಂತಳು. ಆಮೇಲೆ ಮೊಬೈಲನ್ನು ಎದೆಗೆ ಒತ್ತಿ ಹಿಡಿದುಕೊಂಡು ಒಳಗೆ ಹೋದಳು, ಅಡಿಗೆಮನೆಯ ಲೈಟು ಹೊತ್ತಿಕೊಂಡಿತು.